ಪರಿಹಾರ ಇದೆ, ಕಾಫಿ ಇಲ್ಲ

ಗಾಳಿಯನ್ನು ಅದುಮಿದರೆ ಅದು ಹೇಗೆ ಹರಿಯುತ್ತದೆ ಎಂಬ ವಿಷಯದಲ್ಲಿ ಮೈಸೂರಿನಲ್ಲಿ ನನ್ನಷ್ಟು ತಿಳಿದವರಿಲ್ಲ ಎಂದೇ ನನ್ನ ನಂಬಿಕೆಯಾಗಿತ್ತು. ಕಾಲೇಜಿನಲ್ಲಿ ಗಣಿತ ಹೇಳುವುದು ಹೊಟ್ಟೆಪಾಡು. ಆ ಹರಿವಿನ ಸಮೀಕರಣಗಳಿಗೆ ಪರಿಹಾರ ಇದೆಯೆಂದು ಸಾಧಿಸುವುದು ತಪಸ್ಸು. ಪರಿಹಾರವನ್ನು ಹುಡುಕಿಕೊಡುವುದಲ್ಲ, ಇದೆಯೆಂದು ಸಾಧಿಸುವುದು! ಈ ವ್ಯತ್ಯಾಸ ನನ್ನ ಹೆಂಡತಿ ಸರೋಜಳಿಗೆ ಮದುವೆಯಾದಂದಿನಿಂದ ಹಿಡಿಸಿಲ್ಲ.

ಆ ಭಾನುವಾರ ಗಂಡಿನ ಕಡೆಯವರು ಚಾಮುಂಡಿ ಬೆಟ್ಟಕ್ಕೆ ಹೋಗಿ, ಅಲ್ಲಿಂದ ನೇರ ನಮ್ಮ ಮಗಳು ವಿಮಲಳನ್ನು ನೋಡಲು ಮನೆಗೆ ಬಂದರು. ಸಂಜೆ ರಾಹುಕಾಲ ಹುಟ್ಟುವುದರೊಳಗೆ ಹುಡುಗಿ ಕಾಫಿ ತಂದುಕೊಟ್ಟು ನಮಸ್ಕರಿಸಬೇಕು, ಇಲ್ಲವಾದರೆ ಈ ಸಂಬಂಧ ಬೇಡ ಎಂದು ಗಂಡಿನ ತಾಯಿ ಮೊದಲೇ ಹೇಳಿಕಳಿಸಿದ್ದರು. ನನಗೆ ವಾರದಿಂದ ನಿದ್ದೆಯಿಲ್ಲ.

ಸೌದೆ ಒಲೆಯ ಹೊಗೆ ಬೀಗರ ಕಣ್ಣಿಗೆ ಹೋಗದಿರಲೆಂದು ಸರೋಜ ಹಾಲನ್ನು ಪಂಪ್ ಸ್ಟೌ ಮೇಲೆ ಇಟ್ಟಿದ್ದಳು. ಅವರು ಚಾಪೆಯ ಮೇಲೆ ಕೂತರು. ಸ್ಟೌ ಆರಿತು. ಸರೋಜ ನನ್ನನ್ನು ಒಳಗೆ ಕರೆದು, ಬರ್ನರಿನ ತೂತಿಗೆ ಪಿನ್ನು ಚುಚ್ಚಿ ಎಂದಳು. ಚುಚ್ಚುವುದು ಅಶಾಸ್ತ್ರೀಯ, ಒತ್ತಡ ಏರಿದರೆ ಹರಿವು ತಾನೇ ದಾರಿ ಮಾಡಿಕೊಳ್ಳುತ್ತದೆ ಎಂದು ನಾನು ವಿವರಿಸಿದೆ.

"ಪರಿಹಾರ ಇದ್ದೇ ಇದೆ ಕಣೇ."

"ಎಲ್ಲಿದೆ?"

"ಅದನ್ನ ಹೇಳಕ್ಕಾಗಲ್ಲ. ಇದೆ ಅಷ್ಟೆ."

"ಕಾಫಿನೂ ಹಾಗೇ ಇದೆ ಅಂತ ಹೇಳ್ಬಿಟ್ಟು ಬರ್ಲೇನ್ರೀ?"

ನಾನು ಪಂಪು ಒತ್ತಿದೆ. ಮತ್ತೆ ಒತ್ತಿದೆ. ಸ್ಟೌ ಸಿಡಿದೀತೆಂಬ ಭಯಕ್ಕಿಂತ ಸಿದ್ಧಾಂತ ಸುಳ್ಳಾದೀತೆಂಬ ಭಯ ದೊಡ್ಡದು. ಕಡ್ಡಿ ಗೀರಿದೆ. ಹರಿವು ದಾರಿ ಮಾಡಿಕೊಂಡಿತು, ಸೂರಿನವರೆಗೆ! ಅಟ್ಟದ ಕೆಳಗೆ ವರ್ಷಗಳಿಂದ ಜೋತಾಡುತ್ತಿದ್ದ ಇಲ್ಲಣದ ಮಸಿ ಅರ್ಧ ಹಾಲಿಗೂ ಉಳಿದರ್ಧ ನನ್ನ ತಲೆಗೂ ಇಳಿಯಿತು.

ಪಕ್ಕದ ಮನೆಯಿಂದ ಹಾಲು ತರಲು ಹಿತ್ತಿಲ ಬಾಗಿಲಿನಿಂದ ಹೊರಟ ಸರೋಜ, ಅಷ್ಟು ಹೊತ್ತು ಬೀಗರನ್ನು ಮಾತಿಗೆಳೆಯಿರಿ ಎಂದು ಕೈಸನ್ನೆ ಮಾಡಿದಳು.

ಮಾತಿಗೆಳೆದೆ. ಹರಿವು ಒಮ್ಮೊಮ್ಮೆ ಥಟ್ಟನೆ ಮುರಿಯುತ್ತದೆ, ಆ ಜಾಗದಲ್ಲಿ ಸಮೀಕರಣ ಕೆಟ್ಟುಹೋಗುತ್ತದೆ. ಹಾಗೆಂದು ಬಿಸಾಡುವುದಿಲ್ಲ, ಇಡಿಯಾಗಿ ಕೂಡಿಸಿ ನೋಡಿದಾಗ ಸರಿಹೊಂದಿದರೆ ಅದನ್ನೂ ಪರಿಹಾರವೆಂದೇ ಒಪ್ಪುತ್ತೇವೆ ಎಂದು ಸವಿಸ್ತಾರವಾಗಿ ನಿರೂಪಿಸಿದೆ. ಗಂಡಿನ ತಂದೆ ನಿದ್ದೆಹೋದರು. ಗಂಡು ಗಡಿಯಾರ ನೋಡಿದ. ತಾಯಿ ಮಾತ್ರ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದರು. ನನಗೆ ಹುರುಪು ಬಂತು!

ರಾಹುಕಾಲ ಇನ್ನೇನು ಹುಟ್ಟಬೇಕು, ಅಷ್ಟರಲ್ಲಿ ವಿಮಲ ಸೌದೆ ಒಲೆಯ ಕಾಫಿಯನ್ನೂ ಅದರ ಹೊಗೆಯನ್ನೂ ಒಟ್ಟಿಗೇ ತಂದಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಲೇ ಕುಡಿದರು. ಮದುವೆಗೆ ಮೊದಲೇ ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದಂತಿತ್ತು.

ಹೊರಡುವಾಗ ಗಂಡಿನ ತಾಯಿ ಕುಂಕುಮ ಇಡಿಸಿಕೊಂಡು ಸರೋಜಳ ಕೈ ಹಿಡಿದರು.

"ನಮಗೆ ಒಪ್ಪಿಗೆ ಕಣಮ್ಮ. ನಿಮ್ಮ ಯಜಮಾನ್ರು ಹೇಳಿದ್ರಲ್ಲ, ಒಂದ್ ಜಾಗದಲ್ಲಿ ಕೆಟ್ಟಿದ್ರೂ ಇಡಿಯಾಗಿ ನೋಡಿದ್ರೆ ಸರಿ ಅಂತ. ನಿಮ್ಮ ಮನೇನೂ ಅಂಗೇ."

ನನ್ನ ಸಿದ್ಧಾಂತವನ್ನು ಅರ್ಥಮಾಡಿಕೊಂಡ ಮೊದಲ ವ್ಯಕ್ತಿ ಆಕೆ. ಹೆಮ್ಮೆಯಿಂದ ಕೈಮುಗಿದೆ. ಕೆಟ್ಟ ಜಾಗ ಯಾವುದೆಂದು ಆಕೆ ಹೇಳಲಿಲ್ಲ. ಆದರೆ ಮುಖಕ್ಕೆ ಮಸಿ ಮೆತ್ತಿಕೊಂಡು ನಿಂತಿದ್ದವನು ಅಲ್ಲಿ ಒಬ್ಬನೇ!