ಭಾವನ ಮಂಡಿಗೆ ಮೂರು ದಾರಿ

ಜಯನಗರದಲ್ಲಿ ಮಂಡಿನೋವಿನವರಿಗೇನೂ ಕೊರತೆಯಿಲ್ಲ. ಆದರೆ ಒಂದೇ ಮಂಡಿಯ ನೋವನ್ನು ಇಡೀ ಬಡಾವಣೆಗೆ ಹಂಚಿದ ಕೀರ್ತಿ ನನ್ನ ಭಾವನೊಬ್ಬರದೇ. ಅಕ್ಕನ ಗಂಡ, ಐವತ್ಮೂರು ವರ್ಷ, ಎಡಮಂಡಿ ಸವೆದಿದೆ. ನಾಲಿಗೆಗೆ ಆ ತೊಂದರೆಯಿಲ್ಲ.

ಮೂವರು ಡಾಕ್ಟರರನ್ನು ಕಂಡರು. ಮಂಡಿಯ ಕೆಳಗಿನ ಮೂಳೆ ಕೊಯ್ದು ನೇರ ಮಾಡೋಣ ಎಂದರು ಒಬ್ಬರು. ಸವೆದ ಅರ್ಧವನ್ನಷ್ಟೇ ಬದಲಿಸೋಣ ಎಂದರು ಇನ್ನೊಬ್ಬರು. ಮೂರನೆಯವರು ಪೂರ್ತಿ ಮಂಡಿಯನ್ನೇ ಬದಲಿಸೋಣ ಎಂದರು. ಬೇರೆಯವರಾಗಿದ್ದರೆ ಒಂದನ್ನು ಆರಿಸಿಕೊಂಡು ಮಲಗುತ್ತಿದ್ದರು. ಇವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದು, ಮಡಚಿ ಜೇಬಿಗಿಟ್ಟುಕೊಂಡು, ಆಪರೇಷನ್ ಆದವರನ್ನು ಹುಡುಕುತ್ತ ಹೊರಟರು.

ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ತಟ್ಟೆ ಹಿಡಿದು ಕುಂಟುತ್ತ ಬಂದ ಹೆಂಗಸೊಬ್ಬರನ್ನು ತಡೆದು, "ಮೇಡಂ, ಪೂರ್ತಿನಾ, ಅರ್ಧನಾ?" ಎಂದರು.

"ಅರ್ಧ ಮಾಡೇ ಹಚ್ಚೋದು ಸಾರ್. ಪೂರ್ತಿ ನಿಂಬೆಹಣ್ಣಲ್ಲಿ ದೀಪ ಹೇಗೆ ಹಚ್ಚೋಕಾಗತ್ತೆ?"

ಸೋದರತ್ತೆಯ ಮನೆಯ ಊಟದಲ್ಲಂತೂ, ಮೂಳೆಯನ್ನು ಎಲ್ಲಿ ಕೊಯ್ಯುತ್ತಾರೆಂದು ಸಾಂಬಾರಿನ ನುಗ್ಗೇಕಾಯಿ ಎತ್ತಿ ತೋರಿಸಿದರು. ಎದುರು ಪಂಕ್ತಿಯವರೆಲ್ಲ ತಮ್ಮ ನುಗ್ಗೇಕಾಯಿಯನ್ನು ಎಲೆಯಂಚಿಗೆ ಸರಿಸಿದರು.

ಕತ್ತಿಗೆ ಹೆದರುವವರೇ ಹೀಗೆ ಪಟ್ಟಿ ಬರೆಯುವುದು ಎಂದು ನನಗೆ ಖಾತ್ರಿಯಾಯಿತು. ಎಳೆದುಕೊಂಡು ಹೋಗಿ ಮೊದಲನೆಯ ಡಾಕ್ಟರ ಮುಂದೆ ಕೂರಿಸಿದೆ.

"ಈ ಮಂಡಿಯಿಂದ ನಿಮಗೇನಾಗ್ಬೇಕು ಹೇಳಿ," ಎಂದರು ಡಾಕ್ಟರು.

ಭಾವ ನನ್ನ ಕಡೆ ನೋಡಲಿಲ್ಲ. "ನೆಲದ ಮೇಲೆ ಮಂಡಿಯೂರಕ್ಕಾಗ್ಬೇಕು ಸಾರ್. ಮನೆಯವಳಿಗೆ ಶುಗರ್ ಇದೆ, ಪಾದದ ಗಾಯ ಮಾಯ್ತಾನೇ ಇಲ್ಲ. ದಿನಾ ಬೆಳಗ್ಗೆ ಡ್ರೆಸ್ಸಿಂಗ್ ನಾನೇ ಮಾಡೋದು. ಪೂರ್ತಿ ಬದಲಾಯಿಸಿದ್ರೆ ಮಂಡಿಯೂರೋದು ಕಷ್ಟ ಅಂತಾರೆ ಎಲ್ರೂ."

ಗಾಯದ ವಿಷಯ ನನಗೆ ಗೊತ್ತಿತ್ತು. ನರ್ಸ್ ಬರುತ್ತಾಳೆ ಎಂದು ಅಕ್ಕ ಹೇಳಿದ್ದಳು. ನಾನು ಮತ್ತೆ ಕೇಳಿರಲಿಲ್ಲ.

"ನಿಮ್ಮ ವಯಸ್ಸಿಗೆ, ಒಂದೇ ಬದಿ ಸವೆದಿರೋದಕ್ಕೆ, ಮೂಳೆ ನೇರ ಮಾಡೋದೇ ವಾಸಿ," ಎಂದರು ಡಾಕ್ಟರು. "ಆದ್ರೆ ಮೂಳೆ ಕೂಡಕ್ಕೆ ಎರಡು ಮೂರು ತಿಂಗಳು ಬೇಕು."

"ಅಲ್ಲೀವರೆಗೂ ಅವಳಿಗೆ?"

"ನಾನಿದೀನಿ ಭಾವ," ಎಂದೆ.

ಆಪರೇಷನ್ ಆಯಿತು, ಮೂಳೆ ಕೂಡಿತು. ಈಗ ಭಾವ ನಿಧಾನವಾಗಿ ಮಂಡಿಯೂರುತ್ತಾರೆ. ನನಗೆ ಮರೆಯಲಾಗದ್ದು ಡ್ರೆಸ್ಸಿಂಗಿಗೆ ಕೂತ ನನ್ನ ಮೊದಲ ದಿನ. ಅಕ್ಕನ ಕಾಲ ಬಳಿ ಕೂತು ಬ್ಯಾಂಡೇಜ್ ಸುತ್ತುತ್ತಿದ್ದೆ. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ಭಾವ ಮೆಲ್ಲಗೆ ಹೇಳಿದರು:

"ಬಿಗಿಯಾದ್ರೆ ಅವಳು ಬಾಯಿಬಿಟ್ಟು ಹೇಳಲ್ಲ ಕಣೋ. ಮುಖ ನೋಡ್ಬೇಡ, ನಗ್ತಾನೇ ಇರ್ತಾಳೆ. ಹೆಬ್ಬೆರಳು ನೋಡ್ತಿರು. ಮಡಚ್ತಾಳೆ."