ನೋವು ಯಾವ ನಿಲ್ದಾಣದಿಂದ ಹೊರಡುತ್ತದೆ ಎಂದು ಕೇಳಿದವಳ ಗೈರುಹಾಜರಿ

ವಿಶ್ವವಿದ್ಯಾಲಯದ ವೇಳಾಪಟ್ಟಿ ಕಂಪ್ಯೂಟರ್ ಅವರ ಸನ್ನಿಧಿಗೆ,

ಮಾನ್ಯರೇ,

ನರ್ಸಿಂಗ್ ಜೊತೆಗೆ ಒಂದು ವಿದೇಶಿ ಭಾಷೆಯನ್ನೂ ಓದುತ್ತಿರುವ, ತಮ್ಮ ಕೃಪೆಯಿಂದ ಈಗ ‘ಗೈರುಹಾಜರಿ’ ಎಂದು ಕೆಂಪಕ್ಷರದಲ್ಲಿ ಹೊಳೆಯುತ್ತಿರುವ ವಿದ್ಯಾರ್ಥಿನಿಯ ಗೌರವಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಗುಮಾಸ್ತರಿಗೆ ಫ್ಯಾನ್ ಇಲ್ಲದಿದ್ದರೂ ತಮಗೆ ಎ.ಸಿ. ಇದೆ. ನೇರವಾಗಿ ತಮಗೇ ಬರೆಯುವ ಉದ್ಧಟತನವನ್ನು ಮನ್ನಿಸಬೇಕು. ಭಾಷಾ ವಿಭಾಗದವರು ನರ್ಸಿಂಗ್‌ನವರನ್ನು ಕೇಳು ಎಂದರು, ನರ್ಸಿಂಗ್‌ನವರು ಪರೀಕ್ಷಾ ಕಚೇರಿಗೆ ಅಟ್ಟಿದರು, ಅಲ್ಲಿನ ಗುಮಾಸ್ತರು “ನಮ್ ಕೈಲಿ ಏನಿದೆಯಮ್ಮ, ಸಿಸ್ಟಮ್ ತಗೊಳ್ತಿಲ್ಲ” ಎಂದು ತಮ್ಮ ಪರದೆಯ ಕಡೆ ಭಯಭಕ್ತಿಯಿಂದ ನೋಡಿದರು.

ಒಬ್ಬಳೇ ಹುಡುಗಿಯನ್ನು ಒಂದೇ ಬೆಳಿಗ್ಗೆ, ಒಂದೇ ಗಂಟೆಗೆ, ಆಸ್ಪತ್ರೆಯ ವಾರ್ಡಿನಲ್ಲೂ ಊರ ಆ ತುದಿಯ ಭಾಷಾ ಕಟ್ಟಡದ ಮೌಖಿಕ ಪರೀಕ್ಷೆಯಲ್ಲೂ ಕೂರಿಸಿದ ತಮಗೆ ನನ್ನ ಮೇಲಿರುವ ಭರವಸೆ ದೊಡ್ಡದು. ಹೆತ್ತ ತಾಯಿಗೂ ಅಷ್ಟಿಲ್ಲ. ನಾನು ಎರಡೆರಡು ಓದಿಗೆ ಸೇರಿದ ದಿನ ಅಮ್ಮ, “ಒಂದ್ ಕಡೆ ಬೈಸ್ಕೊಳ್ಳೋದು ಸಾಲಲ್ವಾ ನಿಂಗೆ?” ಎಂದಿದ್ದಳು. ನರ್ಸಿಂಗ್‌ನಲ್ಲಿ ನಾನು ‘ಭಾಷೆ ಹುಡುಗಿ’, ಭಾಷಾ ವಿಭಾಗದಲ್ಲಿ ‘ಇಂಜೆಕ್ಷನ್’. ಎರಡೂ ಕಡೆಯವರು ಸೌಲಭ್ಯದ ವಿಷಯ ಬಂದಾಗ ನನ್ನನ್ನು ಪಕ್ಕದ ಮನೆಯ ಮಗುವಿನಂತೆ ನೋಡುತ್ತಾರೆ, ಕೆಲಸದ ವಿಷಯ ಬಂದಾಗ ಮನೆಯ ಸೊಸೆಯಂತೆ ಕರೆಯುತ್ತಾರೆ.

ಆ ದಿನ ವಾರ್ಡಿನ ಹಿರಿಯ ಸಿಸ್ಟರ್ ಅವರ ಕೈಕಾಲು ಹಿಡಿದು ಒಪ್ಪಿಸಿ, ಪರೀಕ್ಷೆಗೆಂದು ಚೀಲ ಹೆಗಲಿಗೇರಿಸಿದ್ದೆ. ಬಾಗಿಲ ಪಕ್ಕದ ಮಂಚದಲ್ಲಿ, ಮೊಮ್ಮಗಳನ್ನು ನೋಡಲು ಪರದೇಶದಿಂದ ಬಂದಿದ್ದ ಅಜ್ಜಿಯೊಬ್ಬರು ಎದೆ ಒತ್ತಿಕೊಂಡು, ನಾನು ಓದುವ ಭಾಷೆಯಲ್ಲೇ ಗೋಗರೆಯುತ್ತಿದ್ದರು. ಮೊಮ್ಮಗಳು ಫೋನಿಗೆ ಸಿಗುತ್ತಿರಲಿಲ್ಲ. ಕಿರಿಯ ಡಾಕ್ಟರು “ಗ್ಯಾಸ್ ಇರ್ಬೇಕು, ಮಾತ್ರೆ ಕೊಡಿ” ಎಂದು ಮುಂದಿನ ಮಂಚಕ್ಕೆ ಹೋಗಿದ್ದರು. ನನಗೆ ಅಲ್ಲಿಂದ ಹೋಗಲು ಕಾಲು ಬರಲಿಲ್ಲ.

ಆದರೆ ನಮ್ಮ ಭಾಷೆಯ ಘನ ಪಠ್ಯಪುಸ್ತಕದಲ್ಲಿ ಯಾರಿಗೂ ಎಲ್ಲಿಯೂ ನೋಯುವುದಿಲ್ಲ. ಎಲ್ಲರೂ ಗುಂಡುಕಲ್ಲಿನಂತಿದ್ದು ಸದಾ ರೈಲಿನಲ್ಲಿ ಓಡಾಡುತ್ತಾರೆ. ಹಾಗಾಗಿ ಬಾಯಿಪಾಠವಿದ್ದುದನ್ನೇ ಕೇಳಿದೆ: ನೋವು ಯಾವ ನಿಲ್ದಾಣದಿಂದ ಹೊರಡುತ್ತದೆ, ನಡುವೆ ಎಲ್ಲೆಲ್ಲಿ ನಿಲ್ಲುತ್ತದೆ, ಕೊನೆಗೆ ಎಲ್ಲಿಗೆ ತಲುಪುತ್ತದೆ? ಅಜ್ಜಿ ಆ ಸಂಕಟದಲ್ಲೂ ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಎದೆಯ ನಡುವೆ ಬೆರಳಿಟ್ಟು, ಇಲ್ಲಿಂದ ಹೊರಡುತ್ತದೆ, ಭುಜದಲ್ಲಿ ನಿಲ್ಲುತ್ತದೆ, ಎಡಗೈಗೆ ಹೋಗುತ್ತದೆ, ದವಡೆಗೂ ಒಂದು ಗಾಡಿ ಇದೆ, ಬೆಳಗಿನಿಂದ ಒಂದೂ ತಡವಾಗಿಲ್ಲ ಎಂದರು. ನಾನು ಓಡಿಹೋಗಿ ಡಾಕ್ಟರ ಕೋಟು ಹಿಡಿದು ಎಳೆತಂದೆ. ಹೃದಯಾಘಾತವೆಂದು ತಮ್ಮ ದೂರದ ಸಂಬಂಧಿಯಾದ ಇ.ಸಿ.ಜಿ. ಯಂತ್ರವೂ ಒಪ್ಪಿಕೊಂಡಿತು. ಆಪರೇಷನ್ ಕೋಣೆಯ ಬಾಗಿಲವರೆಗೂ ಅಜ್ಜಿ ನನ್ನ ಕೈ ಬಿಡಲಿಲ್ಲ, ಮತ್ತು ಮಾನ್ಯರೇ, ನನಗೆ ತುಂಬಾ ಭಯವಾಗಿತ್ತು.

ಅದೇ ಹೊತ್ತಿಗೆ ಭಾಷಾ ಕಟ್ಟಡದಲ್ಲಿ ನನ್ನ ಹೆಸರು ಕೂಗಿ, ಯಾರೂ ಓಗೊಡದಿದ್ದಾಗ ತಮಗೆ ವರದಿ ಒಪ್ಪಿಸಿದ್ದಾರೆ. ಮೌಖಿಕದ ವಿಷಯ ‘ರೈಲು ನಿಲ್ದಾಣದಲ್ಲಿ ಸಂಭಾಷಣೆ’ಯಾಗಿತ್ತಂತೆ. ಅದನ್ನು ಬರೆಯದಿದ್ದರೆ, ಅಂದರೆ ಮಾತಾಡದಿದ್ದರೆ, ನನಗೆ ಭಾಷೆಯ ಪದವಿಯಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಅಜ್ಜಿಯನ್ನು ಬಾಹ್ಯ ಪರೀಕ್ಷಕರೆಂದು ಪರಿಗಣಿಸಬೇಕು. ನನ್ನ ಉಚ್ಚಾರಣೆ ಸುಮಾರು ಎಂದು ಅವರು ಈಗಾಗಲೇ ತೀರ್ಪು ಕೊಟ್ಟಿದ್ದಾರೆ. ಅದಾಗದಿದ್ದರೆ ತಮ್ಮ ಫೈಲುಗಳಂತೆ ನನ್ನದೂ ಇನ್ನೊಂದು ಪ್ರತಿ ತೆಗೆದು, ಒಂದನ್ನು ವಾರ್ಡಿಗೂ ಒಂದನ್ನು ತರಗತಿಗೂ ಕಳಿಸಬೇಕು. ಅದೂ ಆಗದಿದ್ದರೆ, ಊರಿನ ಸಮಸ್ತ ಹೃದಯಗಳೂ ಪರೀಕ್ಷಾ ವೇಳಾಪಟ್ಟಿ ನೋಡಿಕೊಂಡೇ ಕೈಕೊಡಬೇಕೆಂದು ಒಂದು ಸುತ್ತೋಲೆ ಹೊರಡಿಸಬೇಕು.

ತಮ್ಮ ವಿಶ್ವಾಸಿ,
ಒಂದು ಸಲಕ್ಕೆ ಒಂದೇ ಕಡೆ ಇರಬಲ್ಲ ವಿದ್ಯಾರ್ಥಿನಿ

ತಾ.ಕ.: ಗುಮಾಸ್ತರು ಕನಿಕರಪಟ್ಟು ಮರುಪರೀಕ್ಷೆಯ ಅರ್ಜಿ ತೆರೆದುಕೊಟ್ಟರು. ಗೈರಿಗೆ ತಾವು ಎರಡೇ ಕಾರಣ ಒಪ್ಪುತ್ತೀರಿ: ಸ್ವಂತ ಕಾಯಿಲೆ, ಕುಟುಂಬದಲ್ಲಿ ಸಾವು. ಯಾರೋ ಬದುಕಿಕೊಂಡರು ಎನ್ನಲು ಜಾಗವಿಲ್ಲ. ನಾಳೆ ಮನೆಗೆ ಹೊರಡಲಿರುವ ಅಜ್ಜಿಗೆ ಇದನ್ನು ವಿವರಿಸಿದೆ. ಬೇಕಾದರೆ ನಿನ್ನ ಕುಟುಂಬಕ್ಕೆ ಸೇರುತ್ತೇನೆ ಮಗಳೇ, ಸಾಯುವುದು ಮಾತ್ರ ಸದ್ಯಕ್ಕೆ ಆಗುವುದಿಲ್ಲ ಎಂದರು.