ಮಾವನ ಮುಖಕ್ಕೆ ಬೇಕಾದ ಸಾಮಾನುಗಳು

ಚರ್ರ್... ಕೆಳಗೆ ಟೇಪು ಹರಿಯುವ ಸದ್ದು. ಒಂದು ಕ್ಷಣ ಬಿಟ್ಟು ಮತ್ತೆ ಚರ್ರ್. ಕಟ್ಟಡದ ಬಾಗಿಲಿಗೆ ಯಾರೋ ಶೋಕಪತ್ರ ಅಂಟಿಸುತ್ತಿದ್ದರು. ಲೋಮ್ ಊರಿನಲ್ಲಿ ಈ ಸದ್ದನ್ನು ಗುರುತಿಸದವರಿಲ್ಲ. ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಚರ್ರ್. ನಾಲ್ಕನೆಯದು ಮುಗಿಯುತ್ತಲೇ ಐದೂ ಮಹಡಿಗಳ ಕಿಟಕಿಗಳು ತೆರೆದುಕೊಂಡು, ನದಿಯಿಂದ ಎದ್ದುಬಂದ ಮಂಜಿನಲ್ಲಿ ತಲೆಗಳು ಇಣುಕುತ್ತವೆ. ಯಾರಂತೆ?

ಅವತ್ತು ಎರಡನೇ ಮಹಡಿಯ ದರ್ಜಿ. ಮೂರನೇ ಮಹಡಿಯ ಮೆತೋದಿಯ ಅತ್ತೆ ವಿದಾ ಮೆಟ್ಟಿಲಿಳಿದು ಹೋಗಿ, ಪತ್ರದಲ್ಲಿದ್ದ ದರ್ಜಿಯ ಫೋಟೋವನ್ನು ಬಹಳ ಹೊತ್ತು ನೋಡಿ, ಮೇಲೆ ಬಂದು ಕುರ್ಚಿಯಲ್ಲಿ ಕುಳಿತಳು.

"ಎಷ್ಟು ಲಕ್ಷಣವಾಗಿ ಹಾಕಿದಾರೆ. ನಗ್ತಾ ಇದಾನೆ ಪಾಪ. ನಮ್ಮವರನ್ನ ಮಾತ್ರ ಕಳ್ಳನ ಥರ ಬಾಗಿಲಿಗೆ ನಿಲ್ಲಿಸಿದ್ರಿ."

ಮೆತೋದಿ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡ. ಇದು ಅವನ ಮೇಲಿನ ಹಳೆಯ ಆರೋಪ. ಸತ್ತ ದಿನ ಒಂದು ಪತ್ರ, ನಲವತ್ತನೆಯ ದಿನಕ್ಕೆ ಒಂದು, ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು ಎಂದು ಸತ್ತವರು ಮತ್ತೆ ಮತ್ತೆ ಬಾಗಿಲಿಗೆ ಬರುವ ಊರು ಅದು. ಮಾವ ನಾಯ್ದೆನ್ ಮೂರು ಸಲವೂ ಗುರುತಿನ ಚೀಟಿಯ ಫೋಟೋದಲ್ಲೇ ಬಂದಿದ್ದ. ಅದರಲ್ಲಿ ಅವನು ಪೊಲೀಸರು ಬೆನ್ನ ಹಿಂದೆಯೇ ನಿಂತಿದ್ದಾರೇನೋ ಎಂಬಂತೆ ಕಣ್ಣರಳಿಸಿದ್ದ. ಬಂದರಿನಲ್ಲಿ ನಲವತ್ತು ವರ್ಷ ಕ್ರೇನ್ ನಡೆಸಿ, ಒಂದು ಮೊಳೆಯನ್ನೂ ಮನೆಗೆ ತರದ ಮನುಷ್ಯ.

ಒಳ್ಳೆಯ ಫೋಟೋ ಒಂದಿತ್ತು. ಟೋಪಿ ಓರೆ ಮಾಡಿ, ತುಟಿ ಬಿಚ್ಚದೆ ನಗುವ ಫೋಟೋ. ಅದನ್ನು ಸಮಾಧಿಗೆ ಹಾಕಲು ಪಿಂಗಾಣಿ ಬಿಲ್ಲೆಯ ಮೇಲೆ ಅಚ್ಚು ಮಾಡಿಸಿದರು. ಮಾಡಿದವನು ಮೂಲವನ್ನು ಕಳೆದ. ಈಗ ಆ ನಗು ಇರುವುದು ಗುಡ್ಡದ ಮೇಲಿನ ಸ್ಮಶಾನದಲ್ಲಿ, ಕಪ್ಪು ಕಲ್ಲಿನ ನಡುವೆ, ಅಂಗೈಯಗಲದ ಬಿಲ್ಲೆಯಲ್ಲಿ ಮಾತ್ರ. ಅದೂ ಬಿಸಿಲಿಗೆ ದಿನೇ ದಿನೇ ಬಿಳಿಚಿಕೊಳ್ಳುತ್ತಿತ್ತು.

"ಇನ್ನು ಒಂದು ತಿಂಗಳಿಗೆ ಅವರ ವರ್ಷ," ವಿದಾ ಹೇಳಿದಳು. "ಕೊನೇ ಪತ್ರ. ಆಮೇಲೆ ಯಾರು ಅಂಟಿಸ್ತಾರೆ? ನನಗೇ ಬೆಳಿಗ್ಗೆ ಎದ್ದಾಗ ಅವರ ಮುಖ ತಟ್ಟನೆ ನೆನಪಾಗಲ್ಲ, ಅಳಿಯ. ಟೋಪಿ ನೆನಪಾಗುತ್ತೆ. ಅದರ ಕೆಳಗೆ ಏನೂ ಇರಲ್ಲ. ನಿನ್ನ ಹತ್ತಿರ ಆ ಸೋಪಿನ ಡಬ್ಬಿ ಇದೆಯಲ್ಲ, ಹೋಗಿ ಬಿಲ್ಲೆ ಮುಂದೆ ಹಿಡಿದು ಒಂದು ಸಲ ಒತ್ತಿ ಬಾ."

ಸೋಪಿನ ಡಬ್ಬಿ ಎಂದರೆ, ಭೂಗೋಳದ ಮೇಷ್ಟ್ರಾಗಿ ನಿವೃತ್ತನಾದ ಮೆತೋದಿಗೆ ಶಾಲೆಯವರು ಕೊಟ್ಟಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ. ಅವನು ಪತ್ರಿಕೆ ಇಳಿಸಿ, ತರಗತಿಯ ದನಿ ತೆಗೆದ.

"ಅತ್ತೆ, ಕ್ಯಾಮೆರಾ ಅಂದ್ರೆ ಬರೀ ಕ್ಯಾಮೆರಾ ಅಲ್ಲ. ಅದಕ್ಕೊಂದು ಪರಿವಾರ ಇರುತ್ತೆ."

"ನಿನಗೂ ಒಂದು ಪರಿವಾರ ಇದೆ," ಅಡುಗೆಮನೆಯಿಂದ ಹೆಂಡತಿ ಇಸ್ಕ್ರಾ ಅಂದಳು. "ಅದಕ್ಕೆ ಚಳಿಗಾಲಕ್ಕೆ ಕೋಸು ಉಪ್ಪಿಗೆ ಹಾಕೋದಿದೆ."

ಆದರೂ ಮೊದಲ ಭಾನುವಾರ ಅವನು ಬರಿಯ ಕ್ಯಾಮೆರಾ ಹಿಡಿದೇ ಗುಡ್ಡ ಹತ್ತಿದ. ಸ್ಮಶಾನದಲ್ಲಿ ಗಾಳಿ ಮುಖ ಕೊಯ್ಯುತ್ತಿತ್ತು. ಗುಂಡಿ ಒತ್ತಿದರೆ ಕ್ಯಾಮೆರಾ ಒಂದು ಸಲ ಕಣ್ಣು ಬಿಟ್ಟು, ಸುತ್ತಲಿನ ಸಮಾಧಿಗಳನ್ನು ನೋಡಿ, ಕಣ್ಣು ಮುಚ್ಚಿತು.

"ಚಳಿಗೆ ಬ್ಯಾಟರಿ ಸಾಯುತ್ತೆ, ಮೇಷ್ಟ್ರೇ," ಮರುದಿನ ಕ್ಯಾಮೆರಾ ಅಂಗಡಿಯ ಬೋರಿಲ್ ವೈದ್ಯನಂತೆ ತಲೆದೂಗಿದ. "ಎರಡನೇದೊಂದು ಇಟ್ಕೊಳ್ಳಿ. ಒಳಜೇಬಲ್ಲಿ, ಎದೆಗೆ ಒತ್ತಿ. ಮೈಶಾಖ ಬೇಕು ಅದಕ್ಕೆ."

ಮೆತೋದಿ ಎರಡನೇ ಬ್ಯಾಟರಿಯನ್ನು ಎದೆಗೆ ಒತ್ತಿಕೊಂಡು ಮನೆಗೆ ಬಂದ. (ಮೂವತ್ತು ವರ್ಷದಲ್ಲಿ ಅವನು ತನ್ನನ್ನು ಇಷ್ಟು ಜೋಪಾನವಾಗಿ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದ್ದಿಲ್ಲ ಎಂದು ಇಸ್ಕ್ರಾ ಪಕ್ಕದ ಮನೆಯ ಸ್ತಾನಾಳಿಗೆ ಹೇಳಿದಳು.) ಬ್ಯಾಟರಿ ಕೆಲಸ ಮಾಡುತ್ತದೋ ಎಂದು ಪರೀಕ್ಷಿಸಲು ಹಳೆಯ ಬ್ಯಾಟರಿಯ ಫೋಟೋ ತೆಗೆದ. ಕೋಸಿನ ಫೋಟೋ ತೆಗೆದ. ಎರಡನೇ ಭಾನುವಾರ ಗುಡ್ಡದ ಮೇಲೆ ಕ್ಯಾಮೆರಾ ಬದುಕಿತ್ತು, ಆದರೆ ಒಳಗೆ ಜಾಗವಿರಲಿಲ್ಲ. ಅದರ ಹೊಟ್ಟೆಯಲ್ಲಿ ಹಿಡಿಯುವುದೇ ಒಂಬತ್ತು ಚಿತ್ರ. ಬೇಡದ್ದನ್ನು ಅಳಿಸುವುದು ಹೇಗೆಂದು ತಿಳಿಸುವ ಪುಸ್ತಕ ಮನೆಯಲ್ಲಿತ್ತು.

"ಮೆಮೊರಿ ಕಾರ್ಡ್ ಬೇಕು," ಎಂದ ಬೋರಿಲ್. "ಇದನ್ನ ಹಾಕಿದ್ರೆ ಸಾವಿರ ಚಿತ್ರ ಹಿಡಿಯುತ್ತೆ."

"ನನಗೆ ಬೇಕಾಗಿರೋದು ಒಂದು."

"ಒಂದು ಸರಿಯಾಗಿ ಬರೋಕೆ ಸಾವಿರಕ್ಕೆ ಜಾಗ ಇರ್ಬೇಕು."

ಈ ಮಾತು ಮೆತೋದಿಗೆ ಎಷ್ಟು ಹಿಡಿಸಿತೆಂದರೆ, ಕೈ ನಡುಗದಿರಲು ಮೂರು ಬಾಗುವ ಕಾಲುಗಳ ಪುಟ್ಟ ಸ್ಟ್ಯಾಂಡನ್ನೂ, ಮಂಜಿಗೆ ನೆನೆಯದಿರಲು ಸೊಂಟಕ್ಕೆ ಕಟ್ಟುವ ಚೀಲವನ್ನೂ, ಪರದೆಗೆ ಗೀರು ಬೀಳದಿರಲು ಒಂದು ತೆಳು ಹಾಳೆಯನ್ನೂ ಅಲ್ಲೇ ಕೊಂಡ. ಹಾಳೆಯನ್ನು ಮನೆಯಲ್ಲಿ ತಾನೇ ಅಂಟಿಸಿದ. ಅದರ ಅಡಿಯಲ್ಲಿ ಗುಳ್ಳೆಗಳೆದ್ದು, ಪರದೆಯಲ್ಲಿ ನೋಡಿದ ಜಗತ್ತೆಲ್ಲ ಸಿಡುಬು ಬಂದು ಹೋದಂತೆ ಕಾಣತೊಡಗಿತು.

"ಈ ಮನೇಲಿ ನನಗಿಂತ ಅದಕ್ಕೇ ಬಟ್ಟೆ ಜಾಸ್ತಿ ಆಯ್ತು," ಎಂದಳು ಇಸ್ಕ್ರಾ. "ಅಪ್ಪನ ಫೋಟೋ ಎಲ್ಲಿ?"

"ಅವಸರದ ಕೆಲಸ ಅಲ್ಲ ಇದು. ಮಾವ ಎಲ್ಲೂ ಹೋಗಲ್ಲ."

ಈ ಮಾತು ಬಾಯಿಂದ ಬಿದ್ದ ಮೇಲೆ ಮನೆಯಲ್ಲಿ ಮೂರು ದಿನ ಯಾರೂ ಅವನೊಂದಿಗೆ ಮಾತಾಡಲಿಲ್ಲ. ಮೂರನೇ ಭಾನುವಾರವೂ ಹಾಗೆಯೇ ಕಳೆಯಿತು.

ನಾಲ್ಕನೆಯದೇ ಕೊನೆಯ ಭಾನುವಾರ. ಬುಧವಾರ ವರ್ಷ. ಅವನು ಚೀಲ ಕಟ್ಟಿಕೊಂಡು ಹೊರಟಾಗ ವಿದಾ ಬಾಗಿಲ ಬಳಿ ಬಂದು, ತಲೆಗೆ ಕಟ್ಟಿದ್ದ ಕಪ್ಪು ಬಟ್ಟೆಯ ಗಂಟಿಗೆ ಕೈ ಹಾಕಿದಳು. ಗಂಡ ಸತ್ತ ದಿನ ಕಟ್ಟಿದ್ದು. ವರ್ಷ ತುಂಬುವವರೆಗೆ ಬಿಚ್ಚುವಂತಿಲ್ಲ.

"ಇದನ್ನ ತಗೊಂಡು ಹೋಗು, ಅಳಿಯ. ಮೂರು ದಿನ ಮೊದಲೇ ಬಿಚ್ಚಿದ್ರೆ ಅವರೇನೂ ಅನ್ಕೊಳ್ಳಲ್ಲ. ಆ ಕಲ್ಲು, ಬಿಲ್ಲೆ ಎಲ್ಲ ಹೊಳೆಯುತ್ತೆ. ನಾನು ಮುಂದೆ ನಿಂತ್ರೆ ಅವರ ಮುಖದ ಮೇಲೆ ನನ್ನ ಮುಖಾನೇ ಕಾಣುತ್ತೆ. ಬಟ್ಟೆ ಅಡ್ಡ ಹಿಡಿದ್ರೆ ಅವರು ಕಾಣ್ತಾರೆ."

"ಅತ್ತೆ," ಮೆತೋದಿ ಕನಿಕರದಿಂದ ನಕ್ಕ. "ಇದು ವಿಜ್ಞಾನದ ವಿಷಯ. ತಲೆಗೆ ಕಟ್ಟೋ ಬಟ್ಟೆ ಇದಕ್ಕಾಗಲ್ಲ."

ವಿದಾ ಗಂಟನ್ನು ಮತ್ತೆ ಬಿಗಿದುಕೊಂಡಳು.

ಗುಡ್ಡದ ಮೇಲೆ ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಬ್ಯಾಟರಿ ಬೆಚ್ಚಗಿತ್ತು. ಕಾರ್ಡು ಖಾಲಿ ಇತ್ತು. ಮೂರು ಕಾಲಿನ ಸ್ಟ್ಯಾಂಡನ್ನು ಎದುರು ಸಾಲಿನ ಸಮಾಧಿಯ ಮೇಲೆ ಅದರ ಒಡೆಯನ ಕ್ಷಮೆ ಕೇಳಿ ನಿಲ್ಲಿಸಿದ. ಫ್ಲಾಶ್ ಬೇಡವೆಂದು ಆರಿಸಿದ. ಕೈ ತಾಗಿ ಅಲುಗದಿರಲಿ ಎಂದು ಹತ್ತು ಸೆಕೆಂಡು ತಡೆದು ತಾನಾಗಿಯೇ ಒತ್ತಿಕೊಳ್ಳುವಂತೆ ಮಾಡಿ, ಕ್ಯಾಮೆರಾದ ಹಿಂದೆ ಸೆಟೆದು ನಿಂತ. ಸ್ಥಳಕ್ಕೆ ತಕ್ಕಂತೆ ಮುಖವನ್ನು ಗಂಭೀರ ಮಾಡಿಕೊಂಡ. ಪುಟ್ಟ ಕೆಂಪು ದೀಪ ಮಿನುಗುತ್ತಿತ್ತು. ಮಂಜಿನ ನಡುವೆ ನಾಯ್ದೆನನ ಬಿಳಿಚಿದ ನಗು ಕಂಡೂ ಕಾಣದ ಹಾಗಿತ್ತು. ಕ್ಲಿಕ್. ಪರದೆಯ ಗುಳ್ಳೆಗಳ ನಡುವೆ ಒಂದು ಮುಖ ಕಾಣಿಸಿತು. ಅಷ್ಟು ಸಾಕಿತ್ತು.

"ಕೊನೇ ಚಿತ್ರ ತಗೋಮ್ಮ," ಅಚ್ಚಿನ ಅಂಗಡಿಯ ಹುಡುಗಿಗೆ ಕಾರ್ಡು ಕೊಟ್ಟು ಹೇಳಿದ. "ಮಸುಕಾಗಿದ್ರೆ ಸ್ವಲ್ಪ ತಿದ್ದಿ ಎದ್ದು ಕಾಣೋ ಹಾಗೆ ಮಾಡು. ಇಪ್ಪತ್ತು ಪ್ರತಿ."

ಅಚ್ಚಾದ ಹಾಳೆಗಳನ್ನು ಅಂಗಡಿಯಿಂದ ನೇರವಾಗಿ ಒಯ್ದು ಊರೆಲ್ಲ ಅಂಟಿಸುವ ಕೆಲಸ ಇಸ್ಕ್ರಾಳ ದೂರದ ಚಿಕ್ಕಪ್ಪನದು. ಅವನಿಗೆ ಕನ್ನಡಕ ಹಾಕುವ ಅಭ್ಯಾಸವಿರಲಿಲ್ಲ.

ಬುಧವಾರ ಬೆಳಿಗ್ಗೆ ಇಸ್ಕ್ರಾ ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ಸಣ್ಣ ಲೋಟಗಳಲ್ಲಿ ತುಂಬಿಕೊಂಡು ಅಪ್ಪನ ಹೆಸರಿನಲ್ಲಿ ಮನೆಮನೆಗೆ ಕೊಡಲು ಹೋಗಿದ್ದಳು. ಕೆಳಗೆ ಚರ್ರ್ ಎಂದಿತು. ಮತ್ತೆ ಚರ್ರ್. ಮೆತೋದಿ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಹೊಗಳಿಕೆಗಾಗಿ ಕಿವಿ ತೆರೆದು ಕುಳಿತ. ಕಿಟಕಿಗಳು ತೆರೆದುಕೊಂಡವು. ಬಾಗಿಲ ಬಳಿ ಇದ್ದ ಸ್ತಾನಾಳ ದನಿ ಅಂಗಳವನ್ನೇ ಸೀಳಿತು.

"ಅಯ್ಯೋ ದೇವರೇ! ನಮ್ಮ ಮೆತೋದಿ ಮೇಷ್ಟ್ರು!"

"ಏನು ಸ್ತಾನಾ?" ಅವನು ಕಿಟಕಿಯಿಂದ ಬಗ್ಗಿ ಕೇಳಿದ.

ಸ್ತಾನಾ ಮೇಲೆ ನೋಡಿದಳು. ಬಾಗಿಲ ಮೇಲಿನ ಹಾಳೆ ನೋಡಿದಳು. ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡು ಅಲ್ಲೇ ಕುಸಿದು ಕೂತಳು.

ಹಾಳೆಯಲ್ಲಿ ಹೆಸರು ನಾಯ್ದೆನನದೇ ಇತ್ತು. 'ನೀನಿಲ್ಲದ ಒಂದು ವರ್ಷ' ಎಂಬ ಸಾಲೂ ಇತ್ತು. ಆದರೆ ಆ ಊರಿನಲ್ಲಿ ಶೋಕಪತ್ರವನ್ನು ಯಾರೂ ಓದುವುದಿಲ್ಲ, ಮುಖ ನೋಡುತ್ತಾರೆ. ಅಲ್ಲಿದ್ದದ್ದು ಮೆತೋದಿ. ಪಿಂಗಾಣಿಯ ಹೊಳಪಿನಲ್ಲಿ ಉಣ್ಣೆಯ ಟೋಪಿ, ಎರಡು ಗಲ್ಲ, ಸ್ಥಳಕ್ಕೆ ತಕ್ಕ ಗಾಂಭೀರ್ಯ ಎಲ್ಲವೂ ಸ್ಫುಟವಾಗಿ ಮೂಡಿದ್ದವು. ಹಿಂದಿದ್ದ ಬಿಳಿಚಿದ ಮುಖವನ್ನು ಅಂಗಡಿಯ ಹುಡುಗಿ ಕಲೆ ಎಂದು ಭಾವಿಸಿ ಶ್ರದ್ಧೆಯಿಂದ ಅಳಿಸಿದ್ದಳು.

ಇಸ್ಕ್ರಾ ಬೀದಿಯ ಕಂಬದಿಂದ ಒಂದು ಹಾಳೆಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟಳು. ಬೈಯಲು ಬಾಯಿ ತೆರೆದವಳು ತಾಯಿಯ ಮುಖ ನೋಡಿ ಹಾಳೆಯನ್ನು ಅವಳತ್ತ ಸರಿಸಿದಳು. ವಿದಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಮೆಲ್ಲಗೆ ಸವರುತ್ತಾ ಹುಡುಕಿದಳು.

"ಇಲ್ಲಿದಾರೆ," ಎಂದಳು ಕೊನೆಗೆ. "ನಿನ್ನ ಕಿವಿ ಹಿಂದೆ. ಟೋಪಿ ಅಂಚು ಮಾತ್ರ."

ಮೆತೋದಿ ಬಗ್ಗಿ ನೋಡಿದ. "ಅತ್ತೆ, ಆ ಪರದೆಯ ಹಾಳೆ ಗುಳ್ಳೆ ಬಂದು..."

"ನಿನ್ನದು ಚೆನ್ನಾಗೇ ಬಂದಿದೆ, ಅಳಿಯ. ಬಿಸಾಡೋದು ಬೇಡ." ಅವಳು ಹಾಳೆಯನ್ನು ನಾಲ್ಕಾಗಿ ಮಡಚಿದಳು. ತಾನು ಸತ್ತಾಗ ಉಡಿಸಲೆಂದು ತೆಗೆದಿಟ್ಟ ಬಟ್ಟೆಗಳ ಡ್ರಾಯರ್ ಎಳೆದು, ಒಂದು ಮೂಲೆಯಲ್ಲಿ ಜಾಗ ಮಾಡಿ ಅದನ್ನು ಇಟ್ಟಳು. "ನಿನಗೆ ಆಮೇಲೆ ಹುಡುಕೋ ಕಷ್ಟ ಇರಲ್ಲ."

ಆಮೇಲೆ ತಲೆಯ ಗಂಟು ಬಿಚ್ಚಿದಳು. ವರ್ಷ ತುಂಬಿತ್ತು. ಬಿಳಿಯ ಕೂದಲು ಹತ್ತಿಯಂತೆ ಕೆದರಿಕೊಂಡಿತು. ಮೆತೋದಿ ಆ ತಲೆಯನ್ನು ವರ್ಷದಿಂದ ನೋಡಿರಲಿಲ್ಲ.

"ಹೋಗು. ಕತ್ತಲಾಗೋದ್ರೊಳಗೆ ಹೊಸದು ಅಂಟಿಸ್ಬೇಕು. ಇವತ್ತು ತಪ್ಪಿದ್ರೆ ಅವರು ಮತ್ತೆ ಬಾಗಿಲಿಗೆ ಬರಲ್ಲ."

ಅವನು ಚೀಲಕ್ಕೆ ಕೈ ಚಾಚಿದ. ಅತ್ತೆ ನೋಡುತ್ತಿದ್ದಳು. ಕೈ ಹಿಂದೆಳೆದುಕೊಂಡು, ಬರಿಯ ಕ್ಯಾಮೆರಾವನ್ನು ಜೇಬಿಗೆ ಹಾಕಿ, ಅವಳ ತಲೆಯ ಬಿಸಿ ಇನ್ನೂ ಆರದ ಬಟ್ಟೆಯನ್ನು ಮೈಶಾಖ ಬೇಕಾದ ವಸ್ತುವಿನಂತೆ ಎದೆಯೊಳಗೆ ಸೇರಿಸಿಕೊಂಡ.

ಕೆಳಗಿನ ಮೆಟ್ಟಿಲಿನಲ್ಲಿ ಸ್ತಾನಾ ಗೋಧಿಯ ಲೋಟ ಹಿಡಿದು ಕುಳಿತಿದ್ದಳು. ತಿನ್ನುವ ಮೊದಲು ಸತ್ತವರ ಹೆಸರಿನಲ್ಲಿ ಹೇಳಬೇಕಾದ ಮಾತನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿದ್ದಳು.

"ದೇವರು ನಿಮ್ಮನ್ನ ಕ್ಷಮಿಸಲಿ, ಮೇಷ್ಟ್ರೇ," ಎಂದಳು ಅವನನ್ನು ನೋಡಿ.

"ಕ್ಷಮಿಸ್ಲಿ, ಕ್ಷಮಿಸ್ಲಿ," ಎಂದ ಮೆತೋದಿ, ಬಾಗಿಲಿನ ಮೇಲಿದ್ದ ತನ್ನ ಮುಖದ ಎದುರು ಹಾದು ಮಂಜಿಗೆ ಇಳಿಯುತ್ತಾ. "ಆದ್ರೆ ಅದು ನಾನಲ್ಲ ಸ್ತಾನಾ, ಆ ಕಲ್ಲು ಹೊಳೆಯುತ್ತೆ ನೋಡು, ಅದಕ್ಕೆ ಏನಾದ್ರೂ ಕಪ್ಪು ಬಟ್ಟೆ ಅಡ್ಡ ಹಿಡೀಬೇಕು ಅಂತ ಅತ್ತೆ ಮೊದಲೇ ನನಗೆ ಹೇಳಿದ್ರು."